ಕಿವಿಯ ಸಾಕ್ಷ್ಯ ಸಾಲದು

ಸಂಗೀತದ ಸಿ.ಡಿ.ಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು, ಅನಂತರ ತಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡುವವರು ಅನೇಕರಿದ್ದಾರೆ. ಇಳಿಸಿಕೊಂಡ ಪ್ರತಿ ಮೂಲದಂತೆಯೇ ಇದೆಯೆ ಎಂದು ಅವರನ್ನು ವಿಚಾರಿಸಿದರೆ, “ಕೇಳಿ ನೋಡಿದೆವು, ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾವು ಒಪ್ಪಲಾರೆವು. ದೋಷವು ಕಿವಿಗೆ ತಿಳಿಯದಂತೆ ಮುಚ್ಚುವ ಏರ್ಪಾಡು ಸಿ.ಡಿ.ಯ ರಚನೆಯಲ್ಲಿಯೇ ಅಡಗಿರುವುದರಿಂದ, ಈ ವಿಷಯದಲ್ಲಿ ಕಿವಿಯು ನಂಬತಕ್ಕ ಸಾಕ್ಷಿಯಲ್ಲ.

1982ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ತಟ್ಟೆಯಲ್ಲಿ ನಾದವು ಸಂಖ್ಯೆಗಳ ರೂಪದಲ್ಲಿರುತ್ತದೆ. ಎಡ ಬಲ ಎರಡು ಧಾರೆಗಳಲ್ಲಿ, ಒಂದೊಂದರಲ್ಲಿಯೂ ಸೆಕೆಂಡಿಗೆ 44,100 ಸಂಖ್ಯೆಗಳು; ಒಂದೊಂದು ಸಂಖ್ಯೆಗೂ 16 ಬಿಟ್‌ಗಳು. ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರೋಮೀಟರಿನಷ್ಟೇ ಅಂತರ. ಇಷ್ಟು ಸೂಕ್ಷ್ಮವಾದ ಬರೆಹವು ಧೂಳಿಗೂ ಗೀರಿಗೂ ಸಿಕ್ಕಿ ಉಳಿಯುವುದೆಂತು? ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತವಿಧಾನವೇ ಇದಕ್ಕೆ ರಕ್ಷೆ. ಸಂಖ್ಯೆಗಳನ್ನು ಚದರಿಸಿ, ಜೊತೆಗೆ ಕೆಲವು ಹೆಚ್ಚಿನ ಅಂಕಗಳನ್ನೂ ಸೇರಿಸಿ ಬರೆದಿರುವುದರಿಂದ, ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರು ಅಳಿಸಿಹೋದರೂ ಮೂಲವನ್ನು ಚಾಚೂ ತಪ್ಪದೆ ಮರಳಿ ಪಡೆಯಬಹುದು. ಇಲ್ಲಿಯವರೆಗೆ ಆಕ್ಷೇಪಕ್ಕೆ ಎಡೆಯಿಲ್ಲ.

ಗೀರು ಅದಕ್ಕೂ ದೊಡ್ಡದಾದರೆ ಯಂತ್ರವು ಊಹೆಗೆ ತೊಡಗುತ್ತದೆ. 1200 ಎಂಬ ಸಂಖ್ಯೆಯಾದ ಮೇಲೆ ಒಂದು ಕಳೆದುಹೋಗಿ, ಅದರ ಮುಂದಿನದು 1260 ಎಂದಿದ್ದರೆ, ನಡುವೆ 1230 ಎಂದು ತುಂಬಿಬಿಡುತ್ತದೆ. ಕೇಳುವವರಿಗೆ ವ್ಯತ್ಯಾಸವೇನೂ ತಿಳಿಯದು. ಆದರೆ ಆ 1230 ಗಾಯಕನದಲ್ಲ, ಯಂತ್ರದ್ದು! ಬರೆಹ, ಲೆಕ್ಕಪತ್ರಗಳನ್ನು ಇಡುವ ಸಿ.ಡಿ.ಯಲ್ಲಿ 2352 ಬೈಟುಗಳ ಒಂದೊಂದು ಖಂಡದಲ್ಲಿಯೂ 2048ನ್ನು ಮಾತ್ರ ಮಾಹಿತಿಗೆ ಬಳಸಿ, ಮಿಕ್ಕುದನ್ನು ವಿಳಾಸಕ್ಕೂ ಮತ್ತೊಂದು ಸುತ್ತಿನ ತಿದ್ದುಪಡಿಗೂ ಮೀಸಲಿಟ್ಟಿದೆ. ಸಂಗೀತದ ತಟ್ಟೆಯಲ್ಲಿ 2352 ಬೈಟುಗಳೂ ಸಂಗೀತಕ್ಕೇ ಸಲ್ಲುತ್ತವೆ. ಲೆಕ್ಕದ ಕಡತ ಕೆಟ್ಟರೆ ಗಣಕಯಂತ್ರವು ಕೂಗಿ ಹೇಳುತ್ತದೆ. ರಾಗ ಕೆಟ್ಟರೆ ಸುಮ್ಮನಿರುವ ಸಂಭವವೇ ಹೆಚ್ಚು.

ಹಾಗಾದರೆ ಎರಡು ಸಲ ಓದಿಸಿ ಹೋಲಿಸಿದರೆ ಸಾಲದೆ? ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ವಿದ್ಯಾರ್ಥಿಗಳಿಗೆ ನಾವು ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ: ಶೂನ್ಯದೋಷವಿರುವ ಉಪಕರಣದಿಂದ ಹತ್ತು ಸಲ ಅಳೆದರೆ ಹತ್ತು ಸಲವೂ ಅದೇ ತಪ್ಪು ಬರುತ್ತದೆ. ಸಾಲದುದಕ್ಕೆ, ಕೆಲವು ಓದುಯಂತ್ರಗಳು ಮೊದಲ ಸಲ ಓದಿದುದನ್ನು ನೆನಪಿನಲ್ಲಿಟ್ಟುಕೊಂಡು, ಎರಡನೆಯ ಸಲ ತಟ್ಟೆಯ ಕಡೆ ನೋಡದೆಯೇ ಒಪ್ಪಿಸಿಬಿಡುತ್ತವೆ. (ಬಾಯಿಪಾಠ ಮಾಡಿ ಬಂದ ಹುಡುಗರನ್ನು ಕಂಡವರಿಗೆ ಇದು ಹೊಸತಲ್ಲ.) 1998ರಲ್ಲಿ ಹೊರಬಂದ ‘ಎಕ್ಸಾಕ್ಟ್ ಆಡಿಯೋ ಕಾಪಿ’ಯಂತಹ ತಂತ್ರಾಂಶಗಳು ಈ ನೆನಪನ್ನು ಅಳಿಸಿ ಮತ್ತೆ ಮತ್ತೆ ಓದಿಸುತ್ತವೆ. ಅಷ್ಟಾದರೂ ಸಾಕ್ಷಿ ಒಬ್ಬನೇ.

ನಮ್ಮ ದೃಷ್ಟಿಯಲ್ಲಿ ‘ಆಕ್ಯುರೇಟ್‌ರಿಪ್’ ಎಂಬ ಏರ್ಪಾಡು ಅನುಸರಿಸಿದ ದಾರಿಯೇ ಸರಿಯಾದುದು. ಅದೇ ತಟ್ಟೆಯ ಬೇರೆ ಪ್ರತಿಯನ್ನು, ಬೇರೆ ಯಂತ್ರದಲ್ಲಿ, ಪರಸ್ಪರ ಪರಿಚಯವೇ ಇಲ್ಲದವರು ಓದಿಸಿ ಪಡೆದ ಫಲವನ್ನು 32 ಬಿಟ್‌ಗಳ ಒಂದು ತಾಳೆಸಂಖ್ಯೆಯಾಗಿ ಸಂಗ್ರಹಿಸಿಡುತ್ತಾರೆ. ನಮ್ಮ ಪ್ರತಿಯ ಸಂಖ್ಯೆಯನ್ನು ಅದರೊಡನೆ ಹೋಲಿಸಿದರೆ ಮುಗಿಯಿತು. ಕೆಟ್ಟ ಪ್ರತಿಯೊಂದು ಆಕಸ್ಮಿಕವಾಗಿ ಹೊಂದಿಕೆಯಾಗುವ ಸಂಭವ ಸುಮಾರು 429 ಕೋಟಿಗೆ ಒಂದು. ಇಲ್ಲಿಯೂ ಶೂನ್ಯದೋಷವುಂಟು: ಒಂದೊಂದು ಮಾದರಿಯ ಓದುಯಂತ್ರವೂ ಕೆಲವು ಸಂಖ್ಯೆಗಳಷ್ಟು ಹಿಂದೆಯೋ ಮುಂದೆಯೋ ಓದಲು ಆರಂಭಿಸುತ್ತದೆ. ಈ ಅಂತರವು ಆಯಾ ಮಾದರಿಗೆ ಸ್ಥಿರವಾದುದರಿಂದ, ಕ್ಯಾಲಿಪರ್ಸಿನಲ್ಲಿ ಮಾಡುವಂತೆಯೇ ಕೂಡಿಸಿ ಕಳೆದು ಸರಿಪಡಿಸಬಹುದು. ಹೊಂದಿಕೆಯಾಗಲಿಲ್ಲವೆಂದ ಮಾತ್ರಕ್ಕೆ ಪ್ರತಿ ಕೆಟ್ಟಿದೆಯೆಂದು ಹೇಳಬರುವುದಿಲ್ಲ. ಅದೇ ಸಂಗೀತದ ಬೇರೆ ಮುದ್ರಣವಿರಬಹುದು. ಹೊಂದಿಕೆಯಾದರೂ ಮೂಲ ಅಚ್ಚಿನಲ್ಲಿಯೇ ಇದ್ದ ದೋಷವನ್ನು ಅದು ತೋರಿಸಲಾರದು.

ಕೇಳಿಸದ ದೋಷಕ್ಕೆ ಇಷ್ಟು ಶ್ರಮವೇಕೆ ಎಂದು ವಾಚಕರು ಕೇಳಬಹುದು. ಇಂದಿನ ಪ್ರತಿಯೇ ನಾಳಿನ ಪ್ರತಿಗಳಿಗೆಲ್ಲ ಮೂಲವಾಗತಕ್ಕದ್ದು. ತಟ್ಟೆಯೂ ಶಾಶ್ವತವಲ್ಲ, ಮೇಲಿನ ಲೇಪಕ್ಕೆ ಪೆಟ್ಟಾದರೆ ಒಳಗಿನ ಅಲ್ಯೂಮಿನಿಯಂ ಪೊರೆಗೆ ಗಾಳಿ ತಗುಲಿ ಅದು ಕೆಡುತ್ತದೆ. ತಟ್ಟೆ ಕೈಬಿಟ್ಟ ಮೇಲೆ ಸಂದೇಹ ಬಂದರೆ ವಿಚಾರಿಸುವುದು ಯಾರನ್ನು?

ಕೆಲವೇ ಪ್ರತಿಗಳಲ್ಲಿ ಹೊರಬಂದ ಒಂದು ಗಮಕವಾಚನದ ಸಿ.ಡಿ. ನಮ್ಮಲ್ಲಿದೆ ಎನ್ನೋಣ. ಅದನ್ನು ಬೇರಾರೂ ಓದಿಸಿ ಸಂಖ್ಯೆ ಸಲ್ಲಿಸದೆ ಇದ್ದರೆ ತಾಳೆ ನೋಡಲು ಏನೂ ಸಿಕ್ಕದು. ಅಂತಹ ತಟ್ಟೆಯನ್ನು ಎರಡು ಬೇರೆ ಬೇರೆ ಕಂಪನಿಗಳ ಓದುಯಂತ್ರಗಳಲ್ಲಿ ಓದಿಸಬೇಕು. ಅಂತರವನ್ನು ಸರಿಪಡಿಸಿಕೊಂಡು ಎರಡು ತಾಳೆಸಂಖ್ಯೆಗಳನ್ನೂ ಹೋಲಿಸಬೇಕು. ಒಂದೇ ಆಗಿ ಬಂದರೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಬೇಕು. ತಟ್ಟೆಯನ್ನು ಮಾತ್ರ ಯಾರಿಗೂ ಕೊಡಕೂಡದು.