ಥರ್ಸೈಟಿಸನ ಬೆನ್ನ ಮೇಲಿನ ಬಾಸುಂಡೆ

ಗ್ರೀಕ್ ಪುರಾಣ ಅಂದ ಕೂಡಲೇ ನಮ್ಮ ಮೇಷ್ಟ್ರುಗಳ ಕಣ್ಣು ಅರೆ ಮುಚ್ಚಿಕೊಳ್ಳುತ್ತವೆ. ಸೌಂದರ್ಯ, ಧೀರೋದಾತ್ತತೆ, ವಿಧಿ, ದುರಂತ, ಕೆಥಾರ್ಸಿಸ್! ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕು, ನಂಬರು ಬೀಳುತ್ತೆ. ಜ್ಯೂಸ್ ಅಂದರೆ ದೇವರಾಜ, ಅಥೀನಾ ಅಂದರೆ ವಿವೇಕ, ಅಕಿಲಿಸ್ ಅಂದರೆ ಶೌರ್ಯ, ಒಡಿಸ್ಯೂಸ್ ಅಂದರೆ ಜಾಣ್ಮೆ ಅಂತ ನಾವೂ ಬಾಯಿಪಾಠ ಮಾಡಿದವರೇ. ಈಗ ಕೇಳುತ್ತಿದ್ದೇವೆ: ಸ್ವಾಮಿ, ಆ ಜಾಣನ ಕೈಯಲ್ಲಿದ್ದ ಕೋಲು ಯಾರ ಬೆನ್ನಿಗೆ ಬಿತ್ತು? ಆ ಕೋಲು ಮಾಡಿಕೊಟ್ಟವನು ಯಾರು?

ಇದೆಲ್ಲ ನಮಗ್ಯಾಕೆ, ನಮ್ಮ ಕೇರಿಯ ಕಥೆಯೇ ಬೇಕಾದಷ್ಟಿದೆಯಲ್ಲ ಎಂದು ಗೆಳೆಯರು ಗೊಣಗಬಹುದು. ಬೇಕು ಗೆಳೆಯರೆ. ಈ ಕಥೆಗಳು 'ವಿಶ್ವಸಾಹಿತ್ಯ' ಎಂಬ ಅಳತೆಗೋಲಾಗಿ ನಮ್ಮ ತಲೆ ಮೇಲೆ ಕೂತಿವೆ. ಬಿ.ಎಂ.ಶ್ರೀ. ಸೋಫೋಕ್ಲಿಸನ ಅಯಾಸ್ ನಾಟಕವನ್ನು 1929ರಲ್ಲಿ 'ಅಶ್ವತ್ಥಾಮನ್' ಮಾಡಿ ಕನ್ನಡಕ್ಕೆ ತಂದರು. ಗ್ರೀಕ್ ವೀರನಿಗೆ ಕನ್ನಡದಲ್ಲಿ ಸಿಕ್ಕ ವೇಷ ಯಾರದು ನೋಡಿ: ಏಕಲವ್ಯನ ಹೆಬ್ಬೆರಳು ಕೇಳಿದ ದ್ರೋಣನ ಮಗನದು! ಆಮೇಲೆ ಲಂಕೇಶ್ ಈಡಿಪಸ್‌ನನ್ನೂ ಅಂತಿಗೊನೆಯನ್ನೂ ತಂದರು. ಒಳ್ಳೆಯ ಕೆಲಸಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಬಂದದ್ದೆಲ್ಲ ಅರಮನೆಯ ಅಳು. ಆ ಬಂಡಿಯಲ್ಲಿ ಥರ್ಸೈಟಿಸನಿಗೆ ಜಾಗ ಸಿಗಲಿಲ್ಲ.

ಯಾರು ಈ ಥರ್ಸೈಟಿಸ್? ಹೇಳುತ್ತೇವೆ. ಅದಕ್ಕೆ ಮೊದಲು ಒಂದು ನಗು ಕೇಳಿಸಿಕೊಳ್ಳಿ.

ಇಲಿಯಡ್‌ನ ಮೊದಲ ಕಾಂಡದ ಕೊನೆ. ಒಲಿಂಪಸ್ ಬೆಟ್ಟದ ಮೇಲೆ ಜ್ಯೂಸ್‌ಗೂ ಅವನ ಹೆಂಡತಿ ಹೀರಾಗೂ ಜಗಳ. ಜಗಳ ಬಿಡಿಸಲು ಕುಂಟ ಕಮ್ಮಾರದೇವರು ಹೆಫೀಸ್ಟಸ್ ಏಳುತ್ತಾನೆ. ಹಿಂದೊಮ್ಮೆ ತಾಯಿಯ ಪರ ನಿಂತದ್ದಕ್ಕೆ ಜ್ಯೂಸ್ ಇವನ ಕಾಲು ಹಿಡಿದು ಆಕಾಶದ ಹೊಸ್ತಿಲಿಂದ ಬಿಸಾಕಿದ್ದ. ಇಡೀ ಹಗಲು ಬೀಳುತ್ತಲೇ ಇದ್ದು, ಹೊತ್ತು ಮುಳುಗುವಾಗ ಲೆಮ್ನೋಸ್ ದ್ವೀಪದಲ್ಲಿ ಬಿದ್ದನಂತೆ. ಅದೇ ಕುಂಟ ಈಗ ಏದುಸಿರು ಬಿಡುತ್ತ ಎಲ್ಲರ ಬಟ್ಟಲಿಗೂ ಅಮೃತ ಬಗ್ಗಿಸುತ್ತ ಓಡಾಡುತ್ತಾನೆ. ಅದನ್ನು ನೋಡಿ ದೇವಾನುದೇವತೆಗಳಿಗೆ ತಡೆಯಲಾರದ ನಗು. ನಕ್ಕು ಸಾಕಾಗಿ ಮಲಗಲು ಹೋಗುತ್ತಾರೆ. ಎಲ್ಲಿಗೆ? ಅವರವರ ಮನೆಗೆ. ಆ ಮನೆ ಒಂದೊಂದನ್ನೂ ಕಟ್ಟಿಕೊಟ್ಟವನು ಇದೇ ಹೆಫೀಸ್ಟಸ್! ಹೋಮರನೇ ಹೇಳಿದ್ದಾನೆ, ನಾವು ಸೇರಿಸಿದ್ದಲ್ಲ.

ಈಗ ಎರಡನೇ ಕಾಂಡ. ಟ್ರಾಯ್ ಮುಂದೆ ಒಂಬತ್ತು ವರ್ಷ ಸತ್ತು ಸುಣ್ಣವಾದ ಸೈನ್ಯ ಮನೆಗೆ ಹೋಗೋಣ ಅಂತ ಹಡಗುಗಳ ಕಡೆ ಓಡುತ್ತದೆ. ಒಡಿಸ್ಯೂಸ್ ಅಗಮೆಮ್ನಾನ್‌ನ ರಾಜದಂಡ ಇಸಿದುಕೊಂಡು ತಡೆಯಲು ಹೊರಡುತ್ತಾನೆ. ದೊರೆ ಎದುರಾದರೆ ಪಕ್ಕಕ್ಕೆ ನಿಂತು ಮೆಲುಮಾತು. ಸಾಮಾನ್ಯ ಸಿಪಾಯಿ ಬಾಯಿ ತೆರೆದರೆ ದಂಡದಿಂದ ಏಟು, ಮೇಲೊಂದು ಉಪದೇಶ: ಹಲವರು ಆಳಬಾರದು, ಒಬ್ಬನೇ ಆಳಬೇಕು. ಎಲ್ಲರೂ ಕೂರುತ್ತಾರೆ. ಒಬ್ಬ ಮಾತ್ರ ಕೂರುವುದಿಲ್ಲ. ಅವನೇ ಥರ್ಸೈಟಿಸ್.

ಕವಿ ಅವನಿಗೆ ಅಪ್ಪನ ಹೆಸರು ಕೊಟ್ಟಿಲ್ಲ, ಊರು ಕೊಟ್ಟಿಲ್ಲ. ಕೊಟ್ಟದ್ದು ಸೊಟ್ಟಗಾಲು, ಕುಂಟು, ಎದೆಗೆ ಬಾಗಿದ ಹೆಗಲು, ಚೂಪು ತಲೆ, ಅದರ ಮೇಲೆ ನಾಲ್ಕು ಕೂದಲು. ಟ್ರಾಯ್‌ಗೆ ಬಂದವರಲ್ಲೇ ಕುರೂಪಿ ಅಂತ ಮುದ್ರೆ ಒತ್ತಿದ ಮೇಲೆಯೇ ಮಾತಾಡಲು ಬಿಡುತ್ತಾನೆ. ಅವನು ಆಡಿದ್ದಾದರೂ ಏನು? ಅಗಮೆಮ್ನಾನ್, ಇನ್ನೂ ಏನು ಕಮ್ಮಿಯಾಗಿದೆ ನಿನಗೆ? ನಿನ್ನ ಬಿಡಾರದ ತುಂಬ ಕಂಚು, ಹೆಂಗಸರು. ನಾವು ಊರು ಗೆದ್ದಾಗಲೆಲ್ಲ ಮೊದಲ ಪಾಲು ನಿನಗೇ. ಏಳ್ರಪ್ಪಾ, ನಾವು ಮನೆಗೆ ಹೋಗೋಣ, ಇವನು ಇಲ್ಲೇ ಕೂತು ತನ್ನ ಲೂಟಿ ಅರಗಿಸಿಕೊಳ್ಳಲಿ, ನಾವು ಅವನಿಗೆ ಬೇಕೋ ಬೇಡವೋ ಆಗ ಗೊತ್ತಾಗುತ್ತೆ. ಇಷ್ಟೇ ಅದರ ಸಾರ. ಇದರಲ್ಲಿ ಸುಳ್ಳು ಯಾವುದು?

ಮೊದಲ ಕಾಂಡದಲ್ಲಿ ಅಕಿಲಿಸ್ ಬೈದದ್ದೂ ಇದನ್ನೇ. ದುರಾಸೆಯವನು, ದುಡಿಯುವವರು ನಾವು, ದೊಡ್ಡ ಪಾಲು ನಿನಗೆ ಅಂತ. ಅವನು ಅಷ್ಟಕ್ಕೇ ನಿಲ್ಲದೆ ರಾಜನ ಮೇಲೆ ಕತ್ತಿಯನ್ನೇ ಹಿರಿಯಹೊರಟ. ಆಗ ಏನಾಯಿತು? ಸಾಕ್ಷಾತ್ ಅಥೀನಾ ಇಳಿದು ಬಂದು ಕೂದಲು ಹಿಡಿದು ತಡೆದಳು. ಬಾಯಲ್ಲಿ ಬೈದುಕೋ ಮಗನೆ, ಮುಂದೆ ಮೂರು ಪಟ್ಟು ಕಾಣಿಕೆ ಬರುತ್ತೆ ಅಂದಳು. ಅಕಿಲಿಸ್ ದೇವಿಯ ಹೊಟ್ಟೆಯಲ್ಲಿ ಹುಟ್ಟಿದವನು. ಅವನು ಆಡಿದರೆ ಅದು ಮಹಾಕಾವ್ಯದ ವಸ್ತು. ಅದೇ ಮಾತನ್ನು ಹೇಳಹೆಸರಿಲ್ಲದವನು ಆಡಿದರೆ ಬಾಯಿಬಡುಕತನ. ಒಡಿಸ್ಯೂಸ್ ಬಂದ, ಇನ್ನೊಂದು ಸಲ ಬಾಯಿ ಬಿಟ್ಟರೆ ಬಟ್ಟೆ ಬಿಚ್ಚಿ ಓಡಿಸ್ತೀನಿ ಅಂದ, ರಾಜದಂಡದಿಂದ ಬೆನ್ನಿಗೆ ಬಾರಿಸಿದ. ರಕ್ತ ಚಿಮ್ಮುವ ಬಾಸುಂಡೆ ಎದ್ದಿತು. ಥರ್ಸೈಟಿಸ್ ಕೂತು ಕಣ್ಣೀರು ಒರೆಸಿಕೊಂಡ. ಸೈನ್ಯ ಏನು ಮಾಡಿತು? ನೊಂದಿದ್ದರೂ ನಕ್ಕಿತು. ಒಡಿಸ್ಯೂಸ್ ಇದುವರೆಗೆ ಮಾಡಿದ್ದರಲ್ಲೆಲ್ಲ ಇದೇ ಒಳ್ಳೇ ಕೆಲಸ ಎಂದಿತು.

ಆ ದಂಡದ ವಂಶಾವಳಿಯನ್ನು ಹೋಮರ್ ಅದೇ ಕಾಂಡದಲ್ಲಿ ಮೊದಲೇ ಹೇಳಿಬಿಟ್ಟಿದ್ದಾನೆ. ಹೆಫೀಸ್ಟಸ್ ಮಾಡಿ ಜ್ಯೂಸ್‌ಗೆ ಕೊಟ್ಟ. ಜ್ಯೂಸ್ ಹರ್ಮಿಸ್‌ಗೆ, ಅವನು ಪೆಲೋಪ್ಸ್‌ಗೆ, ಅಲ್ಲಿಂದ ಏಟ್ರಿಯಸ್, ಥೈಎಸ್ಟಿಸ್, ಕೊನೆಗೆ ಅಗಮೆಮ್ನಾನ್. ಕುಂಟ ಕಮ್ಮಾರನ ಬೆವರಲ್ಲಿ ಹುಟ್ಟಿದ ದಂಡ ದೊರೆಗಳ ಕೈಯಿಂದ ಕೈಗೆ ದಾಟಿ, ಕುಂಟ ಸಿಪಾಯಿಯ ಬೆನ್ನಿಗೆ ಬಂತು. ಮೇಲೆ ದೇವರುಗಳು ಒಬ್ಬ ಕುಂಟನನ್ನು ನೋಡಿ ನಕ್ಕರು, ಕೆಳಗೆ ಸಿಪಾಯಿಗಳು ಇನ್ನೊಬ್ಬನನ್ನು ನೋಡಿ ನಕ್ಕರು. ದೇವರು ನಗುವುದಿರಲಿ. ಏಟು ತಿಂದವನ ಪಕ್ಕದಲ್ಲೇ ಕೂತು, ನಾಳೆ ಅದೇ ಏಟು ತಿನ್ನಬೇಕಾದವರು ನಕ್ಕರಲ್ಲ, ಅದು ನಮ್ಮ ನಿದ್ದೆ ಕೆಡಿಸುತ್ತದೆ.

ಹೋಮರನನ್ನು ಸುಡಬೇಕೆಂದು ನಾವು ಹೇಳುತ್ತಿಲ್ಲ. ಗೇಲಿ ಮಾಡಲೆಂದೇ ತಂದರೂ ಆ ಮಾತನ್ನು ಅವನು ನುಂಗಲಿಲ್ಲ, ಪೂರ್ತಿ ಹಾಡಿದ. ಹಿಂದೆ ಬಂದ ಪಂಡಿತರು ಕುರೂಪವನ್ನಷ್ಟೇ ಉಳಿಸಿಕೊಂಡರು. ಇಲಿಯಡ್ ಮುಗಿದ ಮೇಲಿನ ಕಥೆ ಹೇಳುವ, ಈಗ ಸಾರಾಂಶ ಮಾತ್ರ ಉಳಿದಿರುವ ಇನ್ನೊಂದು ಕಾವ್ಯದಲ್ಲಿ ಅಕಿಲಿಸ್‌ನೇ ಥರ್ಸೈಟಿಸನನ್ನು ಕೊಲ್ಲುತ್ತಾನೆ. ಆಮೇಲೆ ಕೊಲೆಯ ಮೈಲಿಗೆ ಕಳೆಯುವ ಶಾಸ್ತ್ರವಂತೆ! ಮಾಡಿಸಿದವನು ಯಾರು? ಒಡಿಸ್ಯೂಸ್.

ಇನ್ನು ನಮ್ಮವರದೇ ಒಂದು ಜಗಳ. ಕ್ರಾಂತಿಗೀತೆ ಬರೆಯುವವರಿಗೆಲ್ಲ ಪ್ರೊಮಿಥಿಯಸ್ ಬೇಕು. ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟವನು, ಬಂಡೆಗೆ ಸರಪಳಿ ಬಿಗಿಸಿಕೊಂಡವನು, ಹದ್ದಿಗೆ ದಿನಾ ಪಿತ್ತಜನಕಾಂಗ ಕೊಟ್ಟವನು. ಮಾರ್ಕ್ಸ್ ಕೂಡ 1841ರ ತನ್ನ ಡಾಕ್ಟರೇಟ್ ಪ್ರಬಂಧದ ಮುನ್ನುಡಿಯಲ್ಲಿ ಅವನನ್ನು ಹುತಾತ್ಮರ ಸಾಲಿನಲ್ಲಿ ಮೊದಲಿಗೆ ಇಟ್ಟ. ಸರಿ, ದೊಡ್ಡವನೇ. ಆದರೆ ಅವನೂ ಮೇಲಿನವನು. ಮೇಲಿಂದ ಇಳಿದು ಬಂದು ಕೊಡುವವನು, ಕೈಚಾಚಿ ಪಡೆಯುವವರು ನಾವು. ಇಂಥ ಉದ್ಧಾರಕರನ್ನು ನಾವು ಕಂಡಿದ್ದೇವೆ. ಅವನಿಗೆ ಬಿಡುಗಡೆ ಸಿಕ್ಕಿದ್ದು ಹೇಗೆ? ಹೆಸಿಯಡ್ ಹೇಳುವಂತೆ ಹೆರಾಕ್ಲಿಸ್ ಹದ್ದನ್ನು ಕೊಂದದ್ದು ಜ್ಯೂಸ್‌ನ ಒಪ್ಪಿಗೆಯಿಂದಲೇ, ತನ್ನ ಮಗನ ಕೀರ್ತಿ ಬೆಳೆಯಲಿ ಅಂತ! ಬಂಡಾಯಗಾರನ ಬಿಡುಗಡೆಯೂ ಯಜಮಾನನ ಮನೆಯ ಒಡವೆ. ಏಸ್ಕಿಲಸ್ ಹೆಸರಲ್ಲಿರುವ ನಾಟಕದಲ್ಲಿ ಆ ಸರಪಳಿ ಬಡಿಯುವವನು ಯಾರು ಗೊತ್ತೆ? ಮತ್ತೆ ಹೆಫೀಸ್ಟಸ್. ಅಧಿಕಾರ ಮತ್ತು ಹಿಂಸೆ ಪಕ್ಕದಲ್ಲಿ ನಿಂತಿರುತ್ತವೆ, ಅಧಿಕಾರ ಬಡಿ ಬಡಿ ಅನ್ನುತ್ತದೆ, ಅವನು ತನ್ನ ಕಸುಬನ್ನೇ ಶಪಿಸುತ್ತ ಬಡಿಯುತ್ತಾನೆ. ಗಂಡಸರಿಗೆ ಶಿಕ್ಷೆಯಾಗಿ ಪಂಡೋರ ಎಂಬ ಹೆಣ್ಣನ್ನು ಮಣ್ಣಲ್ಲಿ ಮಿದ್ದವನೂ ಅವನೇ, ಜ್ಯೂಸ್‌ನ ಅಪ್ಪಣೆಯಂತೆ. ದುಡಿಯುವ ಕೈಯಿಂದಲೇ ದಂಡ, ದುಡಿಯುವ ಕೈಯಿಂದಲೇ ಸಂಕೋಲೆ. ನಾವು ಬರೆಯಬೇಕಾದ್ದು ಈ ಕಮ್ಮಾರನ ಸಂಕಟವನ್ನು.

ತತ್ವಜ್ಞಾನಿಗಳು ಈ ಪುರಾಣವನ್ನು ಏನು ಮಾಡಿದರು ಅನ್ನುವುದೂ ಗೊತ್ತಿರಲಿ. ದೇವರು ಆಳುವವರ ಮೈಯಲ್ಲಿ ಚಿನ್ನ ಬೆರೆಸಿದ, ಕಾಯುವವರಲ್ಲಿ ಬೆಳ್ಳಿ, ರೈತ ಕಸುಬುದಾರರಲ್ಲಿ ಕಬ್ಬಿಣ ಕಂಚು ಅಂತ ಜನರಿಗೆ ಹೇಳಿ ನಂಬಿಸಬೇಕೆಂದ ಪ್ಲೇಟೋ. ಅದು ಕಟ್ಟುಕಥೆ ಅಂತ ಅವನೇ ಒಪ್ಪಿಕೊಂಡ. ಕಂಚಿನವನ ಮಗುವಿನಲ್ಲಿ ಚಿನ್ನ ಕಂಡರೆ ಮೇಲಕ್ಕೆತ್ತಿ ಎಂದೂ ಒಂದು ಕಿಂಡಿ ಬಿಟ್ಟ. ನಮ್ಮ ಮನು ಆ ಕಿಂಡಿಗೂ ಗಾರೆ ಮೆತ್ತಿದ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಚಾತುರ್ವರ್ಣ್ಯವನ್ನು ಪ್ಲೇಟೋನ ಪಕ್ಕದಲ್ಲೇ ನಿಲ್ಲಿಸಿ, ಒಬ್ಬೊಬ್ಬ ಮನುಷ್ಯನೂ ಬೇರೆ ಬೇರೆ, ಮೂರ್ನಾಲ್ಕು ಗೂಡಿಗೆ ತುರುಕಲಾಗದು ಎಂದು ತೋರಿಸಿದ್ದಾರೆ. ಅರಿಸ್ಟಾಟಲ್ ಇನ್ನೂ ನೇರ. ಹೆಫೀಸ್ಟಸ್ ಮಾಡಿದ ಮುಕ್ಕಾಲು ಪೀಠಗಳಂತೆ ಉಪಕರಣಗಳು ತಾವೇ ಕೆಲಸ ಮಾಡಿದ್ದರೆ, ಲಾಳಿ ತಾನೇ ನೇಯ್ದಿದ್ದರೆ, ಒಡೆಯನಿಗೆ ಗುಲಾಮ ಬೇಕಿರಲಿಲ್ಲ ಎಂದ. ಲಾಳಿ ತಾನೇ ಓಡದ ಕಾರಣ ಮನುಷ್ಯ ಉಪಕರಣವಾದ. ಅಥೆನ್ಸಿನ ನಿಸಿಯಸ್ ಎಂಬ ಸೇನಾಪತಿ 1000 ಗುಲಾಮರನ್ನು ತಲೆಗೆ ದಿನಕ್ಕೊಂದು ಒಬಲ್ ನಾಣ್ಯದಂತೆ ಬೆಳ್ಳಿಗಣಿಗೆ ಬಾಡಿಗೆಗೆ ಬಿಟ್ಟಿದ್ದನ್ನು ಕ್ಸೆನೊಫನ್ ಬರೆದಿಟ್ಟಿದ್ದಾನೆ. ಎತ್ತನ್ನು ಬಾಡಿಗೆಗೆ ಬಿಟ್ಟಂತೆ.

ಹೆಂಗಸರ ಮಾತು ಬಾಕಿ ಇದೆ. ಒಡಿಸ್ಸಿಯ 22ನೇ ಕಾಂಡ. ಇಪ್ಪತ್ತು ವರ್ಷದ ಮೇಲೆ ಮನೆಗೆ ಬಂದ ಒಡಿಸ್ಯೂಸ್ ತನ್ನ ಹೆಂಡತಿಯನ್ನು ಬಯಸಿ ಬಂದ 108 ಜನ ದೊರೆಮಕ್ಕಳನ್ನು ಕೊಲ್ಲುತ್ತಾನೆ. ಕೊಲ್ಲುವ ಮೊದಲು ಅವರ ಮೇಲೆ ಹೊರಿಸುವ ಅಪರಾಧಗಳಲ್ಲಿ ಒಂದು, ನನ್ನ ಮನೆಯ ದಾಸಿಯರ ಜೊತೆ ಬಲವಂತದಿಂದ ಮಲಗಿದಿರಿ ಅಂತ. ಬಲವಂತ ಅನ್ನುವುದು ಅವನದೇ ಮಾತು. ಆಮೇಲೆ? ಆ ದಾಸಿಯರಲ್ಲಿ ಹನ್ನೆರಡು ಮಂದಿಯನ್ನು ಕರೆಸಿದ. ಅವರ ಕೈಯಲ್ಲೇ ಹೆಣ ಹೊರಿಸಿದ, ರಕ್ತ ಬಿದ್ದ ಮೇಜು ಕುರ್ಚಿ ತೊಳೆಸಿದ. ತೊಳೆದಾದ ಮೇಲೆ ಕತ್ತಿಯಲ್ಲಿ ಕೊಲ್ಲು ಎಂದು ಮಗನಿಗೆ ಹೇಳಿದ. ಮಗ ಟೆಲಿಮಾಕಸ್ ಇವರಿಗೆ ಅಷ್ಟು ಶುದ್ಧವಾದ ಸಾವು ಯಾಕೆ ಅಂದು, ಹಡಗಿನ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದ. ಬಲೆಗೆ ಬಿದ್ದ ಪಾರಿವಾಳಗಳ ಹಾಗೆ. ಕಾಲು ಸ್ವಲ್ಪ ಹೊತ್ತು ಒದ್ದಾಡಿದವಂತೆ, ಬಹಳ ಹೊತ್ತೇನೂ ಅಲ್ಲವಂತೆ.

ಇಂಗ್ಲಿಷ್ ಅನುವಾದಕರು ಕೆಲವರು ಟೆಲಿಮಾಕಸ್‌ನ ಬಾಯಲ್ಲಿ ಈ ಹೆಂಗಸರನ್ನು ಸೂಳೆಯರು ಎಂದು ಕರೆಸಿದ್ದಾರೆ. ಗ್ರೀಕ್ ಮೂಲದಲ್ಲಿ ಅಲ್ಲಿ ಆ ಬೈಗುಳವೇ ಇಲ್ಲ, 'ಇವರು' ಎಂದಷ್ಟೇ ಇದೆ. ಇದನ್ನು ಎತ್ತಿ ಆಡಿದವರು 2017ರಲ್ಲಿ ಒಡಿಸ್ಸಿಯನ್ನು ಇಂಗ್ಲಿಷಿಗೆ ತಂದ ಎಮಿಲಿ ವಿಲ್ಸನ್. ಹೋಮರ್ ಬೈಯದಿದ್ದಲ್ಲಿ ಅನುವಾದಕರು ಬೈದರು. ಪಾಠ ಮಾಡುವ ಮೇಷ್ಟ್ರುಗಳೆ, ಇಂಗ್ಲಿಷ್ ಪುಸ್ತಕ ನಂಬುವ ಮೊದಲು ಇದೊಂದನ್ನು ನೆನೆದುಕೊಳ್ಳಿ.

ಇವರಿಗಿಂತ ಎರಡು ಕಾಂಡ ಹಿಂದೆ ಇನ್ನೊಬ್ಬಳಿದ್ದಾಳೆ, ಅವಳಿಗೆ ಹೆಸರೂ ಇಲ್ಲ. ಬೀಸುವ ಕಲ್ಲುಗಳ ಮುಂದೆ ಹನ್ನೆರಡು ಹೆಂಗಸರ ದುಡಿಮೆ. ಹನ್ನೊಂದು ಮಂದಿ ತಮ್ಮ ಪಾಲಿನದು ಬೀಸಿ ಮಲಗಿದ್ದಾರೆ. ಎಲ್ಲರಿಗಿಂತ ನಿಶ್ಶಕ್ತಳಾದ ಇವಳದು ಮಾತ್ರ ಇನ್ನೂ ಮುಗಿದಿಲ್ಲ. ಬೆಳಗಿನ ಜಾವ ಗುಡುಗು ಕೇಳಿ ಕಲ್ಲು ನಿಲ್ಲಿಸಿ ಬೇಡಿಕೊಳ್ಳುತ್ತಾಳೆ: ಜ್ಯೂಸಪ್ಪಾ, ಇವರಿಗೆ ಹಿಟ್ಟು ಬೀಸಿ ಬೀಸಿ ನನ್ನ ಮಂಡಿ ಮುರಿದು ಹೋಯ್ತು, ಇದೇ ಇವರ ಕೊನೇ ಊಟ ಆಗಲಿ. ಹೊರಗಿದ್ದ ಒಡಿಸ್ಯೂಸ್‌ಗೆ ಆ ಮಾತು ಕೇಳಿಸಿತು. ಒಳ್ಳೆಯ ಶಕುನ ಅಂತ ಹಿಗ್ಗಿದ. ಮಾರನೆಯ ದಿನ ಒಡಿಸ್ಯೂಸ್‌ನ ಊಟಕ್ಕೆ ಹಿಟ್ಟು ಬೀಸಿದವಳು ಯಾರೆಂದು ಹೋಮರ್ ಹೇಳಿಲ್ಲ.