ಅಳತೆಯೂ ಮುದ್ರೆಯೂ ಇಲ್ಲದ ಸ್ವಾತಂತ್ರ್ಯ

ಅಮೆರಿಕದಲ್ಲಿ ಬಂದೂಕು ನಿಯಂತ್ರಣದ ಮಾತು ಬಂದಾಗಲೆಲ್ಲ ಬಂದೂಕು ಲಾಬಿ ಒಬ್ಬ ಮನುಷ್ಯನನ್ನು ಮುಂದೆ ತಂದು ನಿಲ್ಲಿಸುತ್ತದೆ. ಆತ ಮನೆಯ ಗ್ಯಾರೇಜಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಅಜ್ಜನ ಕಾಲದ ಬೋಲ್ಟ್ ಆಕ್ಷನ್ ರೈಫಲ್ಲನ್ನು ಹೊಸ ಕಾಡತೂಸಿಗೆ ಹೊಂದಿಸಿಕೊಳ್ಳುವ ಹವ್ಯಾಸಿ; ವರ್ಷಕ್ಕೊಂದು ಜಿಂಕೆ ಹೊಡೆಯುವ ಬೇಟೆಗಾರ; ಯಾರ ತಂಟೆಗೂ ಹೋಗದ ನಾಗರಿಕ. ಇಂಥವನ ಕಸುಬನ್ನೇ ಸರಕಾರ ಕಿತ್ತುಕೊಳ್ಳಹೊರಟಿದೆ ಎಂಬುದು ಲಾಬಿಯ ಹಳೆಯ ಹುಯಿಲು. ಪ್ರಗತಿಪರರಲ್ಲಿ ಬಹಳಷ್ಟು ಮಂದಿ ಇದಕ್ಕೆ ಉತ್ತರವಾಗಿ ಆ ಮನುಷ್ಯನನ್ನೇ ಗೇಲಿ ಮಾಡುತ್ತಾರೆ. ಅನಿವಾಸಿ ಕನ್ನಡಿಗರ ಚರ್ಚೆಗಳೂ ಇದಕ್ಕೆ ಹೊರತಲ್ಲ. ಆ ಗೇಲಿ ಅನ್ಯಾಯದ್ದು, ಜೊತೆಗೆ ನಿಷ್ಪ್ರಯೋಜಕವಾದದ್ದು. ಲಾಬಿಯ ವಾದವನ್ನು ಮುರಿಯುವ ಉತ್ತರ ಅವನ ಕಸುಬಿನೊಳಗೇ ಇದೆ.

ಕಾರ್ಖಾನೆಗಳು ತಯಾರಿಸದ, ಹವ್ಯಾಸಿಗಳು ತಾವೇ ರೂಪಿಸಿಕೊಂಡ ಕಾಡತೂಸಿಗೆ ಅಲ್ಲಿ ‘ವೈಲ್ಡ್‌ಕ್ಯಾಟ್’ ಎಂದು ಹೆಸರು. ಈ ಪರಂಪರೆಯ ಹಿರಿಯ ಪಾರ್ಕರ್ ಒಟ್ಟೊ ಆಕ್ಲಿ (1903–1989). ಕೊಲೊರಾಡೊದ ಟ್ರಿನಿಡಾಡಿನ ಕಾಲೇಜಿನಲ್ಲಿ ಅವರು ಬಂದೂಕು ಕಟ್ಟುವ, ದುರಸ್ತಿ ಮಾಡುವ ವಿದ್ಯೆ ಕಲಿಸಿದವರು. ಅವರ ‘ಇಂಪ್ರೂವ್ಡ್’ ಕಾಡತೂಸುಗಳ ತತ್ತ್ವ ಸರಳ. ಹಿತ್ತಾಳೆಯ ಕವಚದ ಒಡಲಿನ ಇಳುಕಲನ್ನು ತಗ್ಗಿಸಿ, ಹೆಗಲನ್ನು 40 ಡಿಗ್ರಿಗೆ ಕಡಿದಾಗಿಸಿದರೆ ಅದೇ ಕವಚ ಹೆಚ್ಚು ಮದ್ದು ಹಿಡಿಯುತ್ತದೆ. ರೈಫಲ್ಲಿನ ಚೇಂಬರನ್ನು ಆ ಆಕಾರಕ್ಕೆ ಕೊರೆದ ಮೇಲೆ ಅಂಗಡಿಯ ಮೂಲ ಕಾಡತೂಸನ್ನೇ ಅದರಲ್ಲಿ ಹಾರಿಸಬಹುದು. ಸ್ಫೋಟದ ಒತ್ತಡಕ್ಕೆ ಕವಚ ಉಬ್ಬಿ ಹೊಸ ಆಕಾರ ತಳೆಯುತ್ತದೆ.

ತತ್ತ್ವ ಸರಳವಾದರೂ ಕೆಲಸ ಸೂಕ್ಷ್ಮದ್ದು. ಮೂಲ ಕಾಡತೂಸು ಹೊಸ ಚೇಂಬರಿನಲ್ಲಿ ಬಿಗಿಯಾಗಿ ಕೂರಬೇಕಾದರೆ ನಳಿಕೆಯನ್ನು ಬಿಚ್ಚಿ, ಅದರ ಬುಡವನ್ನು ತುಸು ಕತ್ತರಿಸಿ, ಹಿಂದಕ್ಕೆ ಸರಿಸಿ ಕೂರಿಸಬೇಕು. ಇಲ್ಲಿ ಲೆಕ್ಕ ನಡೆಯುವುದು ಇಂಚಿನ ಸಾವಿರದ ಒಂದು ಭಾಗದಲ್ಲಿ. ಅಂತರ ಹೆಚ್ಚಾದರೆ ಕವಚ ಹರಿದು, ಸುಡುವ ಅನಿಲ ಹಾರಿಸಿದವನ ಮುಖಕ್ಕೇ ನುಗ್ಗಬಹುದು. ಅದಕ್ಕೇ ಕಸುಬುದಾರ ಗೇಜುಗಳನ್ನು ಇಟ್ಟು ನೋಡುತ್ತಾನೆ: ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಕೂಡದು. ಕೆಲಸ ಮುಗಿದ ಮೇಲೆ ನಳಿಕೆಯ ಮೇಲೆ ಹೊಸ ಕಾಡತೂಸಿನ ಹೆಸರು ಕೆತ್ತುತ್ತಾನೆ. ರೈಫಲ್ಲು ನಾಳೆ ಯಾರ ಕೈ ಸೇರಿದರೂ ಒಳಗೇನು ಬದಲಾಗಿದೆ ಎಂಬುದು ಅವರಿಗೆ ತಿಳಿಯಬೇಕು. ಆಕ್ಲಿ ಸ್ವತಃ ಸೇನೆಗಳ ಹಳೆಯ ರೈಫಲ್ಲುಗಳನ್ನು ಸಿಡಿದುಹೋಗುವತನಕ ಪರೀಕ್ಷಿಸಿದರು. ಕೀಳೆಂದು ಜರೆಸಿಕೊಂಡಿದ್ದ ಜಪಾನಿನ ಅರಿಸಾಕಾ ಎಲ್ಲಕ್ಕಿಂತ ಗಟ್ಟಿ ಎಂದು ಆ ಪರೀಕ್ಷೆ ತೋರಿಸಿತು.

ಈ ಕಸುಬಿನ ಕಟ್ಟಳೆ ಮೂರೇ: ಮೊದಲು ಅಳೆ, ಆಮೇಲೆ ಮುದ್ರೆ ಒತ್ತು, ಕೆಟ್ಟರೆ ಹೊಣೆ ಹೊರು. ಆ ಕಸುಬುದಾರನ ಹೆಸರು ಹೇಳಿಕೊಂಡು ರಾಜಕಾರಣ ಮಾಡುವವರು ಈ ಮೂರನ್ನೂ ಮುರಿದಿದ್ದಾರೆ.

ಅಳತೆಯ ವಿಷಯ ನೋಡಬಹುದು. 1993ರ ಬ್ರೇಡಿ ಕಾಯ್ದೆಯಂತೆ ಕೊಳ್ಳುವವನ ಹಿನ್ನೆಲೆ ಪರಿಶೀಲಿಸಬೇಕಾದವರು ಪರವಾನಗಿ ಪಡೆದ ವ್ಯಾಪಾರಿಗಳು ಮಾತ್ರ. ಒಂದೇ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಒಕ್ಕೂಟದ ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ. ಮುದ್ರೆಯ ವಿಷಯ ಇನ್ನೂ ವಿಚಿತ್ರ. ಬಂದೂಕುಗಳ ರಾಷ್ಟ್ರೀಯ ನೋಂದಣಿಯನ್ನು 1986ರ ಕಾಯ್ದೆ ನಿಷೇಧಿಸಿತು. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿ ಅಪರಾಧದ ಬಂದೂಕುಗಳ ಜಾಡು ಹಿಡಿಯುವ ಕೇಂದ್ರವಿದೆ. ಮುಚ್ಚಿದ ಅಂಗಡಿಗಳ ದಾಖಲೆಗಳು ಅಲ್ಲಿ ರಾಶಿ ಬಿದ್ದಿದ್ದರೂ ಕೊಂಡವನ ಹೆಸರಿನಿಂದ ಹುಡುಕುವ ಅವಕಾಶವಿಲ್ಲ. ಇನ್ನು ಹೊಣೆ. ಅಪರಾಧಕ್ಕೆ ಬಳಕೆಯಾದ ಬಂದೂಕಿನ ತಯಾರಕರು ಮತ್ತು ಮಾರಾಟಗಾರರ ಮೇಲೆ ಹೂಡಬಹುದಾಗಿದ್ದ ಸಿವಿಲ್ ದಾವೆಗಳಲ್ಲಿ ಬಹುಪಾಲನ್ನು 2005ರ ಕಾಯ್ದೆ ತಡೆಯಿತು. ಗ್ಯಾರೇಜಿನ ಹವ್ಯಾಸಿ ತನ್ನ ತಪ್ಪಿಗೆ ಮುಖ ಸುಟ್ಟುಕೊಳ್ಳುತ್ತಾನೆ. ಕಂಪನಿಗೆ ಮಾತ್ರ ಸಂಸತ್ತಿನ ರಕ್ಷಾಕವಚ.

ಲಾಬಿ ಹುಟ್ಟಿನಿಂದಲೇ ಹೀಗಿರಲಿಲ್ಲ. 1871ರಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿದ್ದು ಗುರಿಗಾರಿಕೆಯನ್ನು ಸುಧಾರಿಸಲು. ಬೇಟೆ ಮತ್ತು ಕ್ರೀಡೆಗೇ ಒತ್ತು ಕೊಡಬೇಕೆಂದಿದ್ದ ಅದರ ನಾಯಕತ್ವ 1970ರ ದಶಕದಲ್ಲಿ ಕೇಂದ್ರ ಕಚೇರಿಯನ್ನು ಕೊಲೊರಾಡೊಗೆ ಒಯ್ಯುವ ಯೋಜನೆ ಹಾಕಿತ್ತು. 1977ರ ಸಿನ್ಸಿನಾಟಿ ಮಹಾಸಭೆಯಲ್ಲಿ ಹಾರ್ಲನ್ ಕಾರ್ಟರ್ ಬಣ ಆ ನಾಯಕತ್ವವನ್ನೇ ಕಿತ್ತುಹಾಕಿತು. ಅಂದಿನಿಂದ ಬೇಟೆಗಾರ ಆ ಸಂಘಟನೆಯ ಧ್ವಜದ ಮೇಲಿನ ಚಿತ್ರವಾಗಿ ಉಳಿದ. ನೀತಿ ಬೇರೆಯವರ ಕೈಗೆ ಹೋಯಿತು.

ಇತ್ತ ಉದಾರವಾದಿಗಳ ಕಾನೂನುಗಳಲ್ಲೂ ಒಂದು ಮೂಲದೋಷವಿದೆ. ಅವು ಆಯುಧದ ಆಕಾರ ನೋಡುತ್ತವೆ, ಅದು ಕೈ ಬದಲಿಸುವ ಕ್ಷಣವನ್ನು ನೋಡುವುದಿಲ್ಲ. ಮ್ಯಾಗಜೀನಿಗೆ ಹತ್ತು ಗುಂಡುಗಳ ಮಿತಿ ಹಾಕಿದ್ದು 1994ರ ನಿಷೇಧದ ವಿವೇಕದ ಭಾಗ. ಉಳಿದಂತೆ ಅದು ಬಯೋನೆಟ್ಟಿನ ಕೊಂಡಿ, ಪಿಸ್ತೂಲಿನಂಥ ಹಿಡಿ ಮುಂತಾದ ಹೊರಲಕ್ಷಣಗಳನ್ನು ಎಣಿಸುತ್ತ ಕೂತಿತು. ಕಂಪನಿಗಳು ಕೊಂಡಿ ಕಳಚಿ ಅದೇ ರೈಫಲ್ಲನ್ನು ಮಾರಿದವು. 2004ರಲ್ಲಿ ಕಾನೂನಿನ ಅವಧಿಯೂ ಮುಗಿಯಿತು.

ಆಕಾರವನ್ನು ಎಣಿಸುವ ಕಾನೂನು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಭಾರತ ಬಹಳ ಹಿಂದೆಯೇ ಕಂಡಿದೆ. ಸೇನೆಯ ಕಾಡತೂಸು ಪ್ರಜೆಗಳ ಕೈ ಸೇರಬಾರದೆಂದು ವಸಾಹತು ಸರಕಾರ ಬೋರಿನ ಲೆಕ್ಕ ಹಿಡಿಯಿತು. ಆಗ .450 ಬೋರಿನ ಬದಲಿಗೆ .465, .470 ಹುಟ್ಟಿಕೊಂಡವು. ಸ್ವತಂತ್ರ ಭಾರತವೂ ಅದೇ ಲೆಕ್ಕವನ್ನು ಮುಂದುವರಿಸಿತು. ಸೇನೆಯ .303 ನಿಷಿದ್ಧ, ಅದೇ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟಿಗೆ.315ರ ಚೇಂಬರು ಕೊರೆದ ರೈಫಲ್ಲನ್ನು ಇಛಾಪುರದ ಸರಕಾರಿ ಕಾರ್ಖಾನೆಯೇ ನಾಗರಿಕರಿಗೆ ತಯಾರಿಸಿತು.

ಬೋರಿನ ಪಟ್ಟಿ ಕೊಲೆಗಡುಕರನ್ನು ತಡೆಯುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಬಲಿಯಾದದ್ದು 7.65 ಎಂಎಂ ನಾಡಪಿಸ್ತೂಲಿಗೆ. ಆದರೆ ಎರಡೂ ಕಡೆ ಬಳಕೆಯಾದದ್ದು ಒಂದೇ ಆಯುಧ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೇಳಲು ಸಾಧ್ಯವಾದದ್ದು ಗುಂಡು ಮತ್ತು ಕವಚಗಳ ಮೇಲೆ ಉಳಿದ ಗುರುತುಗಳಿಂದ. ಸತ್ಯಕ್ಕೆ ನೆರವಾದದ್ದು ಅಲ್ಲಿಯೂ ಮುದ್ರೆಯೇ.

ನೋಂದಣಿ ಎಂದರೆ ನಾಳಿನ ಜಪ್ತಿ ಎಂದು ಲಾಬಿ ಹೆದರಿಸುತ್ತದೆ. ಮಷಿನ್ ಗನ್ನುಗಳನ್ನು ಒಕ್ಕೂಟ ಸರಕಾರ 1934ರಿಂದಲೂ ನೋಂದಾಯಿಸುತ್ತ ಬಂದಿದೆ; ಕಾನೂನುಬದ್ಧವಾಗಿ ನೋಂದಣಿಯಾದವು ಇಂದಿಗೂ ಖಾಸಗಿ ಒಡೆಯರ ಬಳಿಯೇ ಇವೆ. ಹವ್ಯಾಸಿಗೂ ಇಲ್ಲಿ ಕಳೆದುಕೊಳ್ಳುವುದೇನಿಲ್ಲ. ಕಾನೂನಿನ ಕಣ್ಣಲ್ಲಿ ಬಂದೂಕು ಎಂದರೆ ಸರಣಿ ಸಂಖ್ಯೆ ಹೊತ್ತ ರಿಸೀವರ್. ನಳಿಕೆ ಬರೀ ಬಿಡಿಭಾಗ. ಆತ ತನ್ನ ರೈಫಲ್ಲಿಗೆ ಬೇಕಾದ ಚೇಂಬರು ಕೊರೆದುಕೊಳ್ಳಲಿ. ದಾಖಲಾಗಬೇಕಾದದ್ದು ಅದು ಇನ್ನೊಬ್ಬರ ಕೈ ಸೇರುವ ಗಳಿಗೆ.

2021ರಲ್ಲಿ ಅಮೆರಿಕದಲ್ಲಿ ಬಂದೂಕಿಗೆ ಸತ್ತವರು 48,000ಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಕೊಲೆಗಳಲ್ಲಿ ಬಹುಪಾಲು ಕೈಬಂದೂಕಿನವು. ಬೋಲ್ಟ್ ಆಕ್ಷನ್ ರೈಫಲ್ಲನ್ನು ಹಳಿಯುವುದರಿಂದ ಇವರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಪ್ರತಿ ಮಾರಾಟಕ್ಕೂ ಪರಿಶೀಲನೆ, ಕೊಳ್ಳುವ ಮುನ್ನ ಕೆಲವು ದಿನಗಳ ಕಾಯುವಿಕೆ, ಮನೆಯಲ್ಲಿ ಬೀಗದ ಕಡ್ಡಾಯ, ಕೈ ಬದಲಾದದ್ದಕ್ಕೆ ದಾಖಲೆ, ಮಾರಿದವನಿಗೆ ಹೊಣೆ: ಇವು ಉಳಿಸಬಲ್ಲವು. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಅಲ್ಲಿ ಮತವಿದೆ, ಬೇಟೆಗೆ ಹೋಗುವ ನೆರೆಹೊರೆಯವರೂ ಇದ್ದಾರೆ. ಆ ನೆರೆಯವರ ಬಳಿ ಕೂತು ಕೇಳಬೇಕಾದ ಪ್ರಶ್ನೆ ಒಂದೇ: ಗೇಜು ಇಡದೆ ಒಂದು ಗುಂಡನ್ನೂ ಹಾರಿಸದ, ಹೆಸರು ಕೆತ್ತದೆ ರೈಫಲ್ಲನ್ನು ಮೇಜಿನಿಂದ ಇಳಿಸದ ನೀವು, ಅಳತೆಯೂ ಮುದ್ರೆಯೂ ಬೇಡವೆನ್ನುವ ವ್ಯಾಪಾರಕ್ಕೆ ನಿಮ್ಮ ಹೆಸರನ್ನು ಏಕೆ ಕೊಟ್ಟಿದ್ದೀರಿ?