ಘಟ್ಟದ ಕೆಳಗೊಂದು ಕಾಳಗ

ಹುಬ್ಬಳ್ಳಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋಗುವ ಮಕ್ಕಳು ದೂಧಸಾಗರ ಬಂತೆಂದರೆ ಕಿಟಕಿಗೆ ಮುಗಿಬೀಳುತ್ತಾರೆ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವ ಅದೇ ಹಾದಿಯ ಕೊನೆಗಿರುವ ಮರ್ಮಗೋವಾ ಬಂದರಿನಲ್ಲಿ ಎರಡನೆಯ ಮಹಾಯುದ್ಧದ ಒಂದು ಕಾಳಗ ನಡೆದಿತ್ತು. ಆ ಕಥೆ ಹೇಳುವ ಇಂಗ್ಲಿಷ್ ಚಿತ್ರ 1980ರ 'ದಿ ಸೀ ವುಲ್ವ್ಸ್'. ಗ್ರೆಗೊರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ಅಭಿನಯದ ಈ ಚಿತ್ರದ ಚಿತ್ರೀಕರಣ ನಡೆದದ್ದೂ ಗೋವಾದಲ್ಲೇ.

ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ. ಹೀಗಾಗಿ ಮೂರು ಜರ್ಮನ್ ಹಡಗುಗಳು, ಒಂದು ಇಟಲಿಯ ಹಡಗು ಅಲ್ಲಿ ನಿಶ್ಚಿಂತೆಯಿಂದ ಲಂಗರು ಹಾಕಿದ್ದವು. ಅವುಗಳಲ್ಲಿ 'ಎರೆನ್‌ಫೆಲ್ಸ್' ಎಂಬ ಹಡಗಿನಲ್ಲಿ ಕದ್ದು ಇಟ್ಟ ರೇಡಿಯೊ ಇದೆ, ಮಿತ್ರಪಕ್ಷದ ಹಡಗುಗಳ ಸುಳಿವು ಅದರಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆ ಎಂದು ಬ್ರಿಟಿಷರಿಗೆ ಗುಮಾನಿ. ಸೈನ್ಯ ಕಳಿಸೋಣವೆಂದರೆ ತಟಸ್ಥ ನೆಲದ ಮೇಲೆ ದಾಳಿ ಮಾಡಿದ ಅಪವಾದ. ಕೊನೆಗೆ ಆರಿಸಿದ್ದು ಯಾರನ್ನು? 'ಕಲ್ಕತ್ತಾ ಲೈಟ್ ಹಾರ್ಸ್' ಎಂಬ ಹವ್ಯಾಸಿ ದಳದ, ಹೊಟ್ಟೆ ಬಂದ, ನಡುವಯಸ್ಸು ದಾಟಿದ ಕಂಪನಿ ನೌಕರರನ್ನು! ಮನೆಯವರಿಗೂ ನಿಜ ಹೇಳುವಂತಿರಲಿಲ್ಲ. ಅವರು ರೈಲಿನಲ್ಲಿ ಕೊಚ್ಚಿಗೆ ಹೋದರು. ಕಲ್ಕತ್ತಾದಿಂದ ಕರಾವಳಿ ಸುತ್ತಿ ಬಂದ 'ಫೀಬಿ' ಎಂಬ ಹಳೆಯ ಬಾರ್ಜ್ ಅಲ್ಲಿಂದ ಅವರನ್ನು ಹೊತ್ತು ಹೊರಟಿತು.

1943ರ ಮಾರ್ಚ್ 9ರ ರಾತ್ರಿ ಅವರು ಎರೆನ್‌ಫೆಲ್ಸ್ ಏರಿದರು. ಹಡಗಿನ ಕ್ಯಾಪ್ಟನ್ ಸತ್ತ. ಹಡಗು ವೈರಿಗೆ ಸಿಗಬಾರದೆಂದು ಜರ್ಮನ್ನರೇ ಅದನ್ನು ಮುಳುಗಿಸಿದರು. ಉಳಿದ ಮೂರು ಹಡಗುಗಳ ನಾವಿಕರೂ ಗಾಬರಿಯಿಂದ ತಮ್ಮ ಹಡಗುಗಳಿಗೆ ಅದೇ ಗತಿ ಕಾಣಿಸಿದರು. ದಾಳಿ ಮಾಡಿದವರಿಗೆ ಪದಕವಿಲ್ಲ, ಸನ್ಮಾನವಿಲ್ಲ. 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆಯುವ ತನಕ ಇದು ಹೊರಗಿನವರಿಗೆ ಗೊತ್ತೇ ಇರಲಿಲ್ಲವೆನ್ನಬೇಕು.

ಚಿತ್ರದ ಸೊಗಸು ಇರುವುದು ಈ ಏದುಸಿರಿನ ಮುದುಕರಲ್ಲಿ. ರೋಜರ್ ಮೂರ್ ಬಂದಾಗ ಮಾತ್ರ ಜೇಮ್ಸ್ ಬಾಂಡ್ ಗಾಳಿ ಬೀಸುತ್ತದೆ. ಅವನ ಜೊತೆಗಿನ ಚೆಲುವೆ ಗೂಢಚಾರಿಣಿ ಬರೀ ಕಟ್ಟುಕಥೆ. ಆ ರೇಡಿಯೊದಿಂದ ನಿಜವಾಗಿ ಎಷ್ಟು ಹಡಗುಗಳು ಮುಳುಗಿದವೆಂಬ ಬಗ್ಗೆ ಇತಿಹಾಸಕಾರರಲ್ಲಿ ಸಂಶಯವಿದೆ. ಚಿತ್ರಕ್ಕೆ ಅದರ ಗೊಡವೆಯಿಲ್ಲ. ಇನ್ನು ಗೋವಾದ ಜನ? ಅವರು ತೆಂಗಿನ ಮರಗಳ ಹಾಗೆ ಹಿನ್ನೆಲೆಗಷ್ಟೇ ಇದ್ದಾರೆ.

ಆದ್ದರಿಂದ ಮಕ್ಕಳೊಡನೆ ಈ ಚಿತ್ರ ನೋಡುವ ಪಾಲಕರು ಗೋವಾದವರದೇ ಆದ ಇನ್ನೊಂದು ಗುಪ್ತ ರೇಡಿಯೊದ ಕಥೆಯನ್ನೂ ಹೇಳಬೇಕು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರಿನಿಂದ ಗಡಿಯ ಕಾಡಿನಲ್ಲಿ ಅವಿತು, ಕೊಂಕಣಿ ಹಾಗೂ ಪೋರ್ಚುಗೀಸ್ ಭಾಷೆಗಳಲ್ಲಿ ಸ್ವಾತಂತ್ರ್ಯದ ವಾಣಿ ಬಿತ್ತರಿಸಿದರು. ಅವರ ಠಾವು ಬಹುಕಾಲ ನಮ್ಮ ಕ್ಯಾಸಲ್‌ರಾಕ್‌ನ ಅಡವಿಯೇ. ಆರು ವರ್ಷ ಅವರು ಮೈಕು ಬಿಡಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಲಿಬಿಯಾ ವಿಮಾನ ಏರಿ, ಧ್ವನಿವರ್ಧಕದಲ್ಲಿ ಆ ಸುದ್ದಿಯನ್ನು ಆಕಾಶದಿಂದಲೇ ಕೂಗಿ ಹೇಳಿದರು.